ತಿರುಳ್ಗನ್ನಡದ ತಿರುಕ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು

ಮುಂಡರಗಿಯಿಂದ ಹೂವಿನಹಡಗಲಿಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ಈಚೆಯ ದಂಡೆಗೆ ಇರುವ ಊರು ಕೊರ್ಲಹಳ್ಳಿ. ಇಂದು ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಹೊಳೆ ದಾಟುವವರಿಗೆ ಒಂದು ಕಾಲಕ್ಕೆ ಇದು ಎರಡು ಸರಕಾರಗಳ ಗಡಿಯಾಗಿತ್ತೆಂಬುದು ನೆನಪಾಗಲಾರದು. ಈಚೆಯ ದಂಡೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು, ಆಚೆಯದು ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆಗೆ. ಕಾಗದಪತ್ರಗಳಲ್ಲಿ ಹೀಗೆ ಬೇರೆಯಾಗಿದ್ದರೂ ಮಾತು, ಬಿತ್ತನೆ, ಜಾತ್ರೆ, ಬೀಗತನಗಳಲ್ಲಿ ಎರಡೂ ದಂಡೆಯ ಜನ ಒಂದೇ. ಆಚೆಯ ಹಡಗಲಿ ಸೀಮೆಯಲ್ಲಿ ಉತ್ತಂಗಿ ಎಂಬ ಊರಿದೆ. ಆ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತು ಈಚೆಯ ಧಾರವಾಡದಲ್ಲಿ ಹುಟ್ಟಿ, ಕ್ರೈಸ್ತ ಸಭಾಪಾಲಕರಾಗಿ ಬಾಳಿ, ಸರ್ವಜ್ಞನನ್ನೂ ಶಿವಶರಣರನ್ನೂ ಕನ್ನಡಿಗರ ಕೈಗೆ ಒಪ್ಪಿಸಿ ಹೋದ ಹಿರಿಯರೊಬ್ಬರ ಜೀವನವನ್ನು ಈ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ನೆನೆಯಬೇಕೆಂಬುದು ನಮ್ಮ ಹಂಬಲ.

ಅವರು ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವರಲ್ಲ, ಬಾಸೆಲ್ ಮಿಶನ್ ಸಭೆಯವರು. ಹಾಗಿದ್ದೂ ಅವರನ್ನು ಇಲ್ಲಿ ಏಕೆ ನೆನೆಯಬೇಕೆಂದು ಯಾರಾದರೂ ಕೇಳಿಯಾರು. ನಮ್ಮ ಈ ಸೀಮೆಯಲ್ಲಿ ಕ್ರೈಸ್ತ ಮನೆಯೆಂದರೆ ಹೆಚ್ಚಾಗಿ ಎರಡು ಮೂರು ತಲೆಮಾರುಗಳ ಹಿಂದೆ ಬೇರೆ ಮನೆಯಿಂದ ಹೊರಟು ಬಂದ ಮನೆ. ಆ ಹಳೆಯ ಮನೆಯಲ್ಲಿ ಇನ್ನೂ ದೊಡ್ಡಪ್ಪನ ಮಕ್ಕಳಿದ್ದಾರೆ, ಸೋದರಮಾವನಿದ್ದಾನೆ. ಅವರ ಮನೆಯ ಹಬ್ಬಕ್ಕೆ ಹೋಗುವುದೇ ಬಿಡುವುದೇ, ಅವರ ಅಜ್ಜನ ಹೆಸರನ್ನು ನಮ್ಮ ಕೂಸಿಗೆ ಇಡುವುದೇ ಬೇಡವೇ, ಅಲ್ಲಿ ಹಾಡುವ ಪದವನ್ನು ಇಲ್ಲಿ ಹಾಡಬಹುದೇ ಎಂಬ ಪ್ರಶ್ನೆಗಳು ಕಥೋಲಿಕರಿಗೂ ಇವೆ, ಪ್ರೊಟೆಸ್ಟಂಟರಿಗೂ ಇವೆ. ಈ ಪ್ರಶ್ನೆಗಳನ್ನು ಹಿತ್ತಲ ಬಾಗಿಲಲ್ಲಿ ಪಿಸುಮಾತಾಗಿ ಬಿಡದೆ, ಒಂದು ಜೀವಮಾನದ ವಿದ್ವತ್ತಿನಿಂದ ಎದುರಿಸಿದವರು ಉತ್ತಂಗಿಯವರು. ನಮ್ಮ ಮಟ್ಟಿಗೆ ಈ ವಿಷಯದಲ್ಲಿ ಅವರಿಗಿಂತ ಹತ್ತಿರದ ಹಿರಿಯರಿಲ್ಲ.

ಅವರ ಮನೆತನದ ಕಥೆಗೆ ಹಿನ್ನೆಲೆಯಾಗಿ ಈ ಭಾಗದ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಘಟ್ಟವೇರಿ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಆ ಕಾಲಕ್ಕೆ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿ, ಬರಲಿರುವ ಒಬ್ಬ ಉದ್ಧಾರಕನನ್ನು ಎದುರುನೋಡುತ್ತಿದ್ದ ಪಂಗಡವೊಂದಿತ್ತು. ಪಶ್ಚಿಮದಿಂದ ಬಂದ ಈ ಬಿಳಿಯ ಗುರುಗಳಲ್ಲಿ ತಮ್ಮ ನುಡಿ ಫಲಿಸಿತೇನೋ ಎಂದು ಅವರಲ್ಲಿ ಅನೇಕರು ಮಿಶನರಿಗಳ ಬಳಿಗೆ ಬಂದರು. ಸಾವಿರಾರು ಮಂದಿ ಒಟ್ಟಿಗೆ ಕ್ರಿಸ್ತನೆಡೆಗೆ ಬರುವರೆಂಬ ಭರವಸೆಯಿಂದ ಮಿಶನರಿಗಳು ಗದುಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಅವರಿಗಾಗಿ ಒಂದು ಒಕ್ಕಲು ನೆಲೆಯನ್ನೇ 1841ರಲ್ಲಿ ಕಟ್ಟಿದರು. ಆ ಭರವಸೆ ಕೈಗೂಡಲಿಲ್ಲ. ಒಬ್ಬೊಬ್ಬರು, ಒಂದೊಂದು ಮನೆ ಎಂಬಂತೆ ಕೆಲವರು ಮಾತ್ರ ಬಂದರು. ಹಾಗೆ ಬಂದವರಿಗೆ ತಮ್ಮ ಬಳಗದ ಬಾಗಿಲು ಮುಚ್ಚಿತು. ಊಟದ ಪಂಕ್ತಿ ತಪ್ಪಿತು, ಕೊಡುಕೊಳ್ಳುವ ಬೀಗತನ ನಿಂತಿತು, ಆಸ್ತಿಯ ಪಾಲಿಗೂ ಸಂಚಕಾರ ಬಂದಿತು.

ಉತ್ತಂಗಿಯವರ ಹಿರಿಯರು ಲಿಂಗಾಯತರು. ಕ್ರೈಸ್ತರಾದ ಆ ಮನೆಯಲ್ಲಿ ದಾನಿಯೇಲಪ್ಪ ಮತ್ತು ಸುಭಕ್ತವ್ವ ದಂಪತಿಗಳಿಗೆ 1881ನೆಯ ಇಸವಿ ಅಕ್ಟೋಬರ್ 28ರಂದು ಧಾರವಾಡದಲ್ಲಿ ಚೆನ್ನಪ್ಪನವರು ಜನಿಸಿದರು.

ಈ ಮೂರು ಹೆಸರುಗಳ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಬಾಬಿಲೋನಿನ ಸೆರೆಯಲ್ಲಿ, ಸಿಂಹಗಳ ಗವಿಯಲ್ಲಿ ದೇವರನ್ನು ಬಿಡದೆ ನಿಂತ ಪ್ರವಾದಿ ದಾನಿಯೇಲ. ಆ ಹೀಬ್ರೂ ಹೆಸರಿಗೆ ನಮ್ಮ ಬಡಗಣ ಕರ್ನಾಟಕದ ಅಪ್ಪ ಸೇರಿ ದಾನಿಯೇಲಪ್ಪನಾದ. ಸುಭಕ್ತೆ ಎಂಬ ಅಚ್ಚ ಭಕ್ತಿಯ ಹೆಸರಿಗೆ ಅವ್ವ ಸೇರಿತು. ಇವರ ಮಗನಿಗೋ ಬೈಬಲಿನ ಹೆಸರೇ ಇಲ್ಲ. ಚೆನ್ನಬಸವಣ್ಣನ ನೆನಪನ್ನು ಹೊತ್ತ, ಯಾವ ಲಿಂಗಾಯತರ ಓಣಿಯಲ್ಲಿ ಕೂಗಿದರೂ ನಾಲ್ವರು ತಿರುಗಿ ನೋಡುವ ಚೆನ್ನಪ್ಪ ಎಂಬ ಹೆಸರು! ಮುಂದೆ ಆತ ಸಭಾಪಾಲಕನಾದಾಗಲೂ, ದೊಡ್ಡ ವಿದ್ವಾಂಸನೆನಿಸಿದಾಗಲೂ ಆ ಹೆಸರು ಬದಲಾಗಲಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದಾಗ ಊರೆಲ್ಲ ಕೋಲಾಹಲವಾಗಿತ್ತು. ಅವರಲ್ಲೊಬ್ಬರಾದ ಆನಂದರಾವ್ ಕೌಂಡಿನ್ಯರು ತಮ್ಮ ಗುರು ಹರ್ಮನ್ ಮೋಗ್ಲಿಂಗರ ಹೆಸರನ್ನು ಹೊತ್ತು ಹರ್ಮನ್ ಆದರು, ಬಾಸೆಲಿನಲ್ಲಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಹೊಸ ಜನ್ಮಕ್ಕೆ ಹೊಸ ಹೆಸರು ಬೇಕೆಂಬುದು ಅಂದಿನ ನಡೆ. ಅದರಲ್ಲಿ ಭಕ್ತಿಯೇ ಇತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ತಲೆಮಾರಿನ ಬಳಿಕ ಧಾರವಾಡದ ಈ ಮನೆ ತನ್ನ ಮಗನಿಗೆ ಹಳೆಯ ಮನೆಯ ಹೆಸರನ್ನೇ ಇಟ್ಟಿತು. ಬಿಟ್ಟು ಬಂದ ಬಳಗದ ಕಡೆಗೆ ಚಾಚಿದ ಕೈಯಂತೆ ಅದು ನಮಗೆ ತೋರುತ್ತದೆ.

ಬಾಸೆಲ್ ಮಿಶನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಶಿಕ್ಷಣ ಮುಗಿಸಿ ಚೆನ್ನಪ್ಪನವರು ಸಭಾಸೇವೆಗೆ ನಿಂತರು. ಆ ಶಾಲೆಯ ಪರಂಪರೆಯಲ್ಲಿ ಕನ್ನಡದ ಗಾಳಿ ಬಲವಾಗಿಯೇ ಬೀಸುತ್ತಿತ್ತು. ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲ ಸಲ ಅಚ್ಚಿನ ಮುಖ ಕಂಡದ್ದು ಮೋಗ್ಲಿಂಗರ ಗ್ರಂಥಮಾಲೆಯಲ್ಲಿ, 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ. ಕಿಟೆಲರ ನಿಘಂಟು 1894ರಲ್ಲಿ ಹೊರಬಿದ್ದಾಗ ಚೆನ್ನಪ್ಪನವರು ಇನ್ನೂ ಹದಿಮೂರರ ಹುಡುಗ. ಆದರೆ ವಿದೇಶೀ ಪಂಡಿತನಿಗೆ ಬಸವ ಪುರಾಣವು ಅಭ್ಯಾಸ ಮಾಡಬೇಕಾದ ಒಂದು ಗ್ರಂಥ. ಚೆನ್ನಪ್ಪನವರಿಗೆ ಅದು ತಮ್ಮ ಮುತ್ತಜ್ಜ ಕೇಳಿದ ಪುರಾಣ. ಮುಂದೆ ಅವರು ಮಾಡಿದ ಕೆಲಸದ ದಾರಿಯೆಲ್ಲ ಈ ಒಂದು ವ್ಯತ್ಯಾಸದಿಂದ ಹೊರಟಿತೆಂದು ನಾವು ತಿಳಿಯುತ್ತೇವೆ.

ಅವರ ಸೇವೆಯೆಲ್ಲ ಉತ್ತರ ಕರ್ನಾಟಕದ ಮಿಶನ್ ಕೇಂದ್ರಗಳಲ್ಲಿ ಸಾಗಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಜರ್ಮನ್ ಮಿಶನರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು. ಅವರು ಈ ನಾಡನ್ನೇ ಬಿಟ್ಟು ಹೋಗಬೇಕಾಯಿತು. ಶಾಲೆ, ಸಭೆ, ಲೆಕ್ಕಪತ್ರ, ಬಡವರ ಯೋಗಕ್ಷೇಮ ಎಲ್ಲವೂ ದೇಶೀ ಸಭಾಪಾಲಕರ ಹೆಗಲಿಗೆ ಬಿದ್ದುವು. ದೊರೆಗಳ ಧರ್ಮವೆಂದು ಜನ ಕರೆಯುತ್ತಿದ್ದ ಕ್ರೈಸ್ತಧರ್ಮವನ್ನು ದೊರೆಗಳಿಲ್ಲದೆ ನಡೆಸಬೇಕಾದ ಕಾಲವದು. ಹೊರಗಡೆ ಸ್ವರಾಜ್ಯದ ಚಳವಳಿ, ಕರ್ನಾಟಕದ ಏಕೀಕರಣದ ಕೂಗು. ಇವುಗಳ ನಡುವೆ ಕನ್ನಡದ ಕ್ರೈಸ್ತ ಯಾರು, ಆತನ ತವರು ಯಾವುದು ಎಂಬ ಪ್ರಶ್ನೆಗೆ ಚೆನ್ನಪ್ಪನವರು ಬರಹದಲ್ಲಿ ಉತ್ತರ ಹುಡುಕತೊಡಗಿದರು.

ಅವರ ಒಂದು ಪುಸ್ತಕದ ಹೆಸರು ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ. ಹೆಸರನ್ನು ನೋಡಿರಿ. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡುವುದಿಲ್ಲ, ಸವಾಲು ಹಾಕುವುದಿಲ್ಲ, ವಾದಕ್ಕೂ ಕರೆಯುವುದಿಲ್ಲ, ವಿನಂತಿ ಮಾಡಿಕೊಳ್ಳುತ್ತದೆ. ಬಾಗಿಲ ಹೊರಗೆ ನಿಂತು ಮನೆಯವರನ್ನು ಮಾತನಾಡಿಸುವವನ ಶಬ್ದವದು. ಆ ದಿನಗಳ ಪ್ರಚಾರ ಸಾಹಿತ್ಯದಲ್ಲಿ ಎರಡೂ ಕಡೆಯವರು ಪರಸ್ಪರರ ದೇವರನ್ನು ಹೀಯಾಳಿಸಿ ಬರೆದ ಕರಪತ್ರಗಳು ಬೇಕಾದಷ್ಟಿದ್ದುವು. ಸ್ಕಾಟ್ಲೆಂಡಿನ ಮಿಶನರಿ ಫರ್ಕುಹರ್ ಅವರು 1913ರ ತಮ್ಮ ಗ್ರಂಥದಲ್ಲಿ ಕ್ರಿಸ್ತನು ಹಿಂದೂಧರ್ಮವನ್ನು ಪೂರ್ಣಗೊಳಿಸುವ ಕಿರೀಟವೆಂಬ ವಿಚಾರವನ್ನು ಮುಂದಿಟ್ಟಿದ್ದರು. ಅದೇ ಆಗ ಬಹಳ ಉದಾರವಾದ ವಿಚಾರವೆನಿಸಿತ್ತು. ಚೆನ್ನಪ್ಪನವರ ದಾರಿ ಇದಕ್ಕೂ ಸ್ವಲ್ಪ ಬೇರೆ. ಕಿರೀಟ ತೊಡಿಸುವ ಮೊದಲು ಆ ತಲೆಯ ಗುರುತಾಗಬೇಕಲ್ಲವೇ? ಅವರು ಸರ್ವಜ್ಞನ ಬೆನ್ನು ಹತ್ತಿದರು.

ಇಲ್ಲಿಂದ ಅವರ ಬಾಳಿನ ಮುಖ್ಯ ಅಧ್ಯಾಯ. ಸರ್ವಜ್ಞನ ತ್ರಿಪದಿಗಳು ಕನ್ನಡಿಗರ ಬಾಯಲ್ಲಿ ಎಲ್ಲೆಡೆ ಇದ್ದುವು, ಕೈಯಲ್ಲಿ ಮಾತ್ರ ಇರಲಿಲ್ಲ. ಒಬ್ಬ ಒಕ್ಕಲಿಗನಿಗೆ ಹತ್ತು ಬರುತ್ತಿದ್ದುವು, ಒಬ್ಬ ಜಂಗಮನಿಗೆ ಐವತ್ತು. ಯಾರದೋ ಮಾಡದಲ್ಲಿ ಹುಳು ತಿಂದ ಓಲೆ, ಇನ್ನಾರದೋ ಪೆಟ್ಟಿಗೆಯಲ್ಲಿ ಅಜ್ಜ ಬರೆದಿಟ್ಟ ಕೈಹೊತ್ತಿಗೆ. ಮೂರು ಸಾಲಿನ ಪದ್ಯದ ಕೊನೆಗೆ ಸರ್ವಜ್ಞ ಎಂದು ಸೇರಿಸಿದರೆ ಯಾರ ಮಾತೂ ಸರ್ವಜ್ಞನದಾಗಿ ಬಿಡುವ ಅಪಾಯ ಬೇರೆ. ಊರಿಂದೂರಿಗೆ ಪಾಠ ಬದಲು, ಒಂದೆಡೆ ಹೊಗಳಿದ ಜಾತಿಯನ್ನು ಇನ್ನೊಂದೆಡೆ ತೆಗಳಿದ ಪಾಠ. ಚೆನ್ನಪ್ಪನವರು ಹಳ್ಳಿ ಹಳ್ಳಿ ತಿರುಗಿ, ಮಠದಲ್ಲಿ ಕುಳಿತು, ಮನೆಗಳ ಕಟ್ಟೆಯ ಮೇಲೆ ಕುಳಿತು ಇವನ್ನು ಬರೆದುಕೊಂಡರು, ಪಾಠಗಳನ್ನು ಹೋಲಿಸಿದರು, ವಿಷಯವಾರು ವಿಂಗಡಿಸಿದರು. ಸುಮಾರು ಎರಡು ಸಾವಿರ ತ್ರಿಪದಿಗಳ ಆ ಸಂಗ್ರಹ ಸರ್ವಜ್ಞನ ವಚನಗಳು ಎಂದು 1924ರಲ್ಲಿ ಪ್ರಕಟವಾಯಿತು. ತಿರುಳ್ಗನ್ನಡದ ತಿರುಕ ಎಂಬ ಹೆಸರು ಅವರಿಗೆ ನಿಂತದ್ದು ಇಂಥ ತಿರುಗಾಟದಿಂದಲೇ ಸಾರ್ಥಕವಾಯಿತೆನ್ನಬೇಕು. ತಿರುಕನೆಂದರೆ ಭಿಕ್ಷುಕ. ಮನೆಬಾಗಿಲಿಗೆ ಬರುವ ಕ್ರೈಸ್ತ ಪಾದ್ರಿ ಏನನ್ನೋ ಕೊಡಲು ಬರುವವನೆಂದು ತಿಳಿದಿದ್ದ ಹಳ್ಳಿಗರ ಬಾಗಿಲಲ್ಲಿ ಈ ಪಾದ್ರಿ ಬೇಡಲು ನಿಂತರು.

ಸರ್ವಜ್ಞನ ಜನ್ಮದ ಕಥೆಯೂ ಎರಡು ಮನೆಗಳದೇ. ಮಾಸೂರಿನ ಬಸವರಸನೆಂಬ ಬ್ರಾಹ್ಮಣ ತಂದೆ, ಅಂಬಲೂರಿನ ಕುಂಬಾರರ ಮಲ್ಲಿ ತಾಯಿ ಎಂದು ಪರಂಪರೆ ಹೇಳುತ್ತದೆ. ಯಾವ ಮನೆಗೂ ಪೂರ್ತಿಯಾಗಿ ಸೇರದ ಮಗ ಜೋಳಿಗೆ ಹಿಡಿದು ನಾಡೆಲ್ಲ ತನ್ನ ಮನೆಯೆಂದು ಹೊರಟ. ಲಿಂಗಾಯತ ಹಿರಿಯರ ಕ್ರೈಸ್ತ ಮೊಮ್ಮಗನು ಕನ್ನಡದ ಇಷ್ಟೆಲ್ಲ ಕವಿಗಳಲ್ಲಿ ಇವನನ್ನೇ ಮೊದಲು ಆರಿಸಿಕೊಂಡದ್ದು ಬರಿಯ ಆಕಸ್ಮಿಕವೆಂದು ನಮಗೆ ಅನ್ನಿಸುವುದಿಲ್ಲ. ತ್ರಿಪದಿಯ ಮಾತೂ ಅಷ್ಟೇ. ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದುದು ಅದೇ ಮಟ್ಟಿನಲ್ಲಿ. ಮನೆ ಯಾವ ದೇವರಿಗೆ ಸೇರಿದ್ದರೂ ಜೋಳ ಬೀಸುವ ಲಯ ಒಂದೇ ಆಗಿತ್ತು.

ಇದೇ ವೇಳೆಗೆ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಶರಣರ ವಚನಗಳನ್ನು ಕೂಡಿಸುತ್ತಿದ್ದರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದುದು 1923ರಲ್ಲಿ, ಚೆನ್ನಪ್ಪನವರ ಸರ್ವಜ್ಞನಿಗಿಂತ ಒಂದೇ ವರ್ಷ ಮೊದಲು. ಇಬ್ಬರೂ ಧಾರವಾಡದಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದವರು. ಒಬ್ಬರು ವಕೀಲರು, ಒಬ್ಬರು ಸಭಾಪಾಲಕರು. ಒಬ್ಬರ ಕೊರಳಲ್ಲಿ ಇಷ್ಟಲಿಂಗ, ಒಬ್ಬರ ಕೈಯಲ್ಲಿ ಬೈಬಲು. ಕನ್ನಡದ ವಚನ ಸಾಹಿತ್ಯದ ಋಣವನ್ನು ಲೆಕ್ಕ ಹಾಕುವವರು ಈ ಜೋಡಿಯನ್ನು ಬಿಡಿಸಿ ನೋಡಲಾರರು.

ಚೆನ್ನಪ್ಪನವರ ಮುಂದಿನ ವಚನ ಸಂಪಾದನೆಗಳನ್ನು ಇಲ್ಲಿ ಬೇಗ ಹೇಳಿ ಮುಗಿಸುತ್ತೇವೆ. ಎಸ್. ಎಸ್. ಭೂಸನೂರಮಠ ಅವರೊಡನೆ ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು, 1955ರಲ್ಲಿ ಸಿದ್ಧರಾಮ ಸಾಹಿತ್ಯ ಸಂಗ್ರಹ, ಬಳಿಕ ಆದಯ್ಯನ ವಚನಗಳು. ಆದರೆ ಒಂದು ಗ್ರಂಥದ ಬಗೆಗೆ ಎರಡು ಮಾತು ಹೆಚ್ಚಾಗಿ ಹೇಳಲೇಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪವೆಂಬುದು ನಿಜಕ್ಕೂ ಇತ್ತೇ, ಅದು ಈಚಿನವರ ಕಲ್ಪನೆಯಲ್ಲವೇ ಎಂದು ಕೆಲ ವಿದ್ವಾಂಸರು ಸಂದೇಹವೆತ್ತಿದ್ದರು. ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರೊಡನೆ ಅಂಬಿಗ, ಮಡಿವಾಳ, ಸಮಗಾರ ಕಾಯಕದ ಶರಣರು ಸರಿಸಮವಾಗಿ ಕುಳಿತು ಅನುಭಾವ ನಡೆಸಿದ ಆ ಕೂಟ ಲಿಂಗಾಯತರಿಗೆ ಪ್ರಾಣಸಮಾನ. ಆ ಸಂದೇಹಕ್ಕೆ ಎದುರಾಗಿ ವಚನಗಳ ಒಳಗಿನ ಆಧಾರಗಳನ್ನೇ ಹೆಕ್ಕಿ ಅನುಭವ ಮಂಟಪದ ಐತಿಹಾಸಿಕತೆ ಎಂಬ ಗ್ರಂಥವನ್ನು 1951ರಲ್ಲಿ ಬರೆದವರು ಒಬ್ಬ ಕ್ರೈಸ್ತ ಸಭಾಪಾಲಕರು! ಅವರ ಎಲ್ಲ ತರ್ಕಗಳನ್ನೂ ಇಂದಿನ ಚರಿತ್ರಕಾರರು ಒಪ್ಪಬೇಕೆಂದಿಲ್ಲ. ಆದರೆ ಹಳೆಯ ಮನೆಯ ಅಡಿಗಲ್ಲಿಗೆ ಯಾರೋ ಗುದ್ದಲಿ ಹಾಕಿದಾಗ ಬೇರೆ ಹೋದ ಮನೆಯ ಮಗ ಓಡಿ ಬಂದು ಅಡ್ಡ ನಿಂತನೆಂಬುದನ್ನು ಆ ಬಳಗ ಮರೆಯಲಿಲ್ಲ. ವೀರಶೈವ ಮಠಗಳಲ್ಲಿ ಅವರಿಗೆ ಆದರದ ಪೀಠ ದೊರೆಯಿತು.

ಇಂಥ ಬಾಳಿಗೆ ಎರಡೂ ಕಡೆಯ ಅನುಮಾನ ತಪ್ಪಿದ್ದಲ್ಲ. ಸರ್ವಜ್ಞನನ್ನು ಕಟ್ಟಿಕೊಂಡು ತಿರುಗುವ ಪಾದ್ರಿ ತನ್ನ ಸಭೆಯ ಕೆಲಸವನ್ನು ಯಾವಾಗ ಮಾಡುವನು, ಈತನು ಕ್ರೈಸ್ತನೋ ಲಿಂಗಾಯತನೋ ಎಂದು ಈ ಮಗ್ಗುಲು. ವಚನದ ನೆವದಲ್ಲಿ ಜಾತಿ ಕೆಡಿಸಲು ಬಂದವನಲ್ಲವೇ ಎಂದು ಆ ಮಗ್ಗುಲು. ಕ್ರಿಸ್ತನಲ್ಲಿ ಅವರ ನಿಷ್ಠೆ ಕೊನೆಯ ತನಕ ಕದಲಲಿಲ್ಲ, ರೆವರೆಂಡ್ ಎಂಬ ಬಿರುದು ಅವರ ಹೆಸರನ್ನು ಬಿಡಲಿಲ್ಲ. ಎರಡು ಧರ್ಮಗಳ ಆಚಾರಗಳನ್ನು ಕಲಸಿ ಮೂರನೆಯದೊಂದನ್ನು ಮಾಡುವ ಗೋಜಿಗೆ ಅವರು ಹೋದವರಲ್ಲ. ಯಾವ ಮನೆಯನ್ನೂ ಸುಳ್ಳು ಮಾಡದೆ ಎರಡರಲ್ಲೂ ಮಗನಾಗಿರುವುದು ಅವರ ಸಾಧನೆ. ನಮ್ಮ ದೃಷ್ಟಿಯಲ್ಲಿ ಕಲಸುವುದಕ್ಕಿಂತ ಅದು ಬಲು ಕಠಿಣ.

ಪಕ್ಕದ ಮರಾಠಿ ನಾಡಿನ ಉದಾಹರಣೆಯೊಂದನ್ನು ಇಲ್ಲಿ ನೆನೆಯಬಹುದು. ಕವಿ ನಾರಾಯಣ ವಾಮನ ತಿಳಕರು 1895ರಲ್ಲಿ ಕ್ರೈಸ್ತರಾದಾಗ ಪತ್ನಿ ಲಕ್ಷ್ಮೀಬಾಯಿ ಬ್ರಾಹ್ಮಣ ಮಡಿಯಲ್ಲೇ ಉಳಿದರು. ದಂಪತಿಗಳು ಅಗಲಿದರು, ಮತ್ತೆ ಕೂಡಿದರು; ಒಂದೇ ಸೂರಿನಡಿ ಬೇರೆ ಅಡಿಗೆ, ಬೇರೆ ನೀರು. ಸುಮಾರು ಐದು ವರ್ಷಗಳ ಬಳಿಕ ಆಕೆ ಬಂದುದು ಯಾರ ಒತ್ತಾಯದಿಂದಲೂ ಅಲ್ಲ, ತಾವಾಗಿ. ಲಕ್ಷ್ಮೀಬಾಯಿಯವರು ಬರೆದ ಸ್ಮೃತಿಚಿತ್ರೆ ಎಂಬ ಆತ್ಮಕಥೆಯನ್ನು ಓದಿದವರಿಗೆ ಗೊತ್ತು, ಇಂಥ ಮನೆಯಲ್ಲಿ ತತ್ತ್ವಕ್ಕಿಂತ ಮೊದಲು ಒಲೆ, ಕೊಡ, ಮಕ್ಕಳ ಕಣ್ಣೀರು ಎದುರಿಗೆ ಬರುತ್ತವೆ. ನಮ್ಮ ಸೀಮೆಯ ಹಳ್ಳಿಗಳಲ್ಲೂ ಹಾಗೆಯೇ. ಅಣ್ಣನ ಮನೆಯಲ್ಲಿ ವಿಭೂತಿ, ತಮ್ಮನ ಮನೆಯಲ್ಲಿ ಶಿಲುಬೆ. ದಸರೆಗೆ ಬನ್ನಿ ಕೊಡಲು ಅಣ್ಣನ ಮಕ್ಕಳು ಬರುತ್ತಾರೆ, ಕ್ರಿಸ್ತಜಯಂತಿಗೆ ತಮ್ಮನ ಮನೆಯಿಂದ ಕರ್ಚಿಕಾಯಿ ಹೋಗುತ್ತದೆ. ಸಾವಿನ ಮನೆಯಲ್ಲಿ ಮಾತ್ರ ಕಣ್ಣು ತೆರೆಯುವ ಒಂದು ಸಂಗತಿಯಿದೆ. ಲಿಂಗಾಯತರು ಶವವನ್ನು ಕುಳ್ಳಿರಿಸಿ, ಕ್ರೈಸ್ತರು ಮಲಗಿಸಿ, ಇಬ್ಬರೂ ಮಣ್ಣಿಗೇ ಒಪ್ಪಿಸುತ್ತಾರೆ, ಸುಡುವುದಿಲ್ಲ. ಚೆನ್ನಪ್ಪನವರು ಗ್ರಂಥಗಳಲ್ಲಿ ಅರಸಿದ ನಂಟಿನ ಇಂಥ ಎಳೆಗಳು ಓದು ಬಾರದ ಮುದುಕಿಯರಿಗೂ ತಿಳಿದಿವೆ.

1949ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ಕಾಲವನ್ನು ನೆನೆಯಿರಿ. ದೇಶ ಧರ್ಮದ ಹೆಸರಿನಲ್ಲಿ ಇಬ್ಭಾಗವಾಗಿ ಎರಡು ವರ್ಷವೂ ಆಗಿರಲಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ನಿಜಾಮನ ರಾಜ್ಯ ಭಾರತಕ್ಕೆ ಸೇರಿತ್ತು, ರಜಾಕಾರರ ಹಾವಳಿಯ ಗಾಯ ಕಲಬುರ್ಗಿ ಸೀಮೆಯಲ್ಲಿ ಇನ್ನೂ ಹಸಿಯಾಗಿತ್ತು. ಅಂಥ ಊರಿನಲ್ಲಿ, ಅಂಥ ಹೊತ್ತಿನಲ್ಲಿ, ಕನ್ನಡಿಗರು ತಮ್ಮ ನುಡಿಹಬ್ಬದ ಹಿರಿಯ ಗದ್ದುಗೆಗೆ ಕ್ರೈಸ್ತ ಸಭಾಪಾಲಕರೊಬ್ಬರನ್ನು ಏರಿಸಿದರು. ಆ ಪೀಠವೇರಿದ ಮೊದಲ ಕ್ರೈಸ್ತರು ಅವರು. ನಮ್ಮ ಧರ್ಮಸಭೆಯವರೇ ಆದ ಸಾಗರದ ನಾ. ಡಿಸೋಜ ಅವರು ಮಡಿಕೇರಿಯ ಸಮ್ಮೇಳನದಲ್ಲಿ ಅದೇ ಪೀಠದಲ್ಲಿ ಕುಳಿತದ್ದು 2014ರಲ್ಲಿ.

ಅವರ ಹಿರಿಯರ ಸೀಮೆಗೂ ಅವರ ಹುಟ್ಟೂರಿಗೂ ನಡುವೆ ಇದ್ದ ಇಲಾಖೆಯ ಗಡಿ ಅವರ ಕಣ್ಣ ಮುಂದೆಯೇ ಅಳಿಯಿತು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, 1956ರ ನವೆಂಬರ್ 1ರಂದು ಧಾರವಾಡವೂ ಬಂದು ಕೂಡಿತು. ತುಂಗಭದ್ರೆಯ ಎರಡೂ ದಂಡೆ ಒಂದೇ ರಾಜ್ಯವಾದುವು.

1962ರ ಆಗಸ್ಟ್ 28ರಂದು, ಎಂಬತ್ತೊಂದನೆಯ ವರ್ಷದಲ್ಲಿ ಉತ್ತಂಗಿ ಚೆನ್ನಪ್ಪನವರು ಪ್ರಭುವಿನಲ್ಲಿ ನಿದ್ರಿಸಿದರು. ಅದಾದ ನಲವತ್ತನಾಲ್ಕನೆಯ ದಿನ, ಅಕ್ಟೋಬರ್ 11ರಂದು, ರೋಮಿನಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಆರಂಭಿಸಿದರು. ಅನ್ಯಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿದ ಮಹಾಸಭೆಯ ಘೋಷಣೆ 1965ರ ಅಕ್ಟೋಬರ್ 28ರಂದು ಹೊರಬಿತ್ತು. ಚೆನ್ನಪ್ಪನವರು ಬದುಕಿದ್ದರೆ ಅಂದಿಗೆ ಅವರಿಗೆ ಎಂಬತ್ತನಾಲ್ಕು ತುಂಬುತ್ತಿತ್ತು. ಅವರಿಗೂ ರೋಮಿಗೂ ಯಾವ ಸಂಬಂಧವೂ ಇರಲಿಲ್ಲವೆಂಬುದು ನಮಗೆ ಗೊತ್ತು. ಆದರೂ ಪಂಚಾಂಗದ ಈ ಹೊಂದಿಕೆಯನ್ನು ಬರೆಯದೆ ಬಿಡಲು ಮನಸ್ಸು ಒಪ್ಪಲಿಲ್ಲ. 1969ರಲ್ಲಿ ಭಾರತದ ಬಲಿಪೂಜೆಗೆ ಆರತಿ, ದೀಪ, ಕೈಮುಗಿದು ನಮಿಸುವಿಕೆ ಮೊದಲಾದ ಹನ್ನೆರಡು ದೇಶೀ ವಿಧಾನಗಳಿಗೆ ರೋಮಿನ ಒಪ್ಪಿಗೆ ಬಂದಾಗ, ಇದೇನು ಹಿಂದೂಗಳ ಗುಡಿಯಾಯಿತೇ ಎಂದು ನಮ್ಮವರೇ ಹಲವರು ಮುನಿದಿದ್ದರು. ಹುಬ್ಬಳ್ಳಿ-ಧಾರವಾಡಗಳ ಪ್ರೊಟೆಸ್ಟಂಟ್ ಸಭಾಪಾಲಕರೊಬ್ಬರು ಅದೇ ಮುನಿಸನ್ನು ನಲವತ್ತು ವರ್ಷ ಮೊದಲೇ ಎದುರಿಸಿ ಮುಗಿಸಿದ್ದರೆಂಬುದು ಆಗ ಅವರಲ್ಲಿ ಎಷ್ಟು ಜನರಿಗೆ ತಿಳಿದಿತ್ತೋ!

ಅವರ ಸರ್ವಜ್ಞನ ವಚನಗಳು ಅವರ ಬಳಿಕವೂ ಮತ್ತೆ ಮತ್ತೆ ಅಚ್ಚಾಗಿದೆ. ಬೇರೆ ವಿದ್ವಾಂಸರು ಹೊಸ ಓಲೆಗಳನ್ನು ಕಂಡು ಪಾಠಗಳನ್ನು ತಿದ್ದಿದ್ದಾರೆ, ಸರ್ವಜ್ಞನವಲ್ಲದವನ್ನು ಕಳೆದಿದ್ದಾರೆ. ಆ ಕೆಲಸ ಹೊರಟದ್ದು ಅವರ ಪುಸ್ತಕದಿಂದ. ನಮ್ಮ ಶಾಲೆಯ ಮಕ್ಕಳು ಮೂರು ಸಾಲುಗಳನ್ನು ಒಂದೇ ಉಸಿರಿಗೆ ಒಪ್ಪಿಸಿ ಸರ್ವಜ್ಞ ಎಂದು ರಾಗ ಎಳೆಯುವಾಗ, ಆ ಸಾಲುಗಳನ್ನು ಬಾಗಿಲು ಬಾಗಿಲಿಗೆ ಬೇಡಿ ತಂದವರು ಯಾರೆಂಬುದನ್ನು ಅವರಿಗೆ ಹೇಳಿಕೊಡುವ ಮಾಸ್ತರರು ಇನ್ನೂ ಕೆಲವರಿದ್ದಾರೆ.